ತಪ್ಪು ಮಾಡುವ ನಾಯಕನ ಜೊತೆ ಪ್ರೇಕ್ಷಕ ನಿಲ್ಲಬೇಕಾದರೆ

ಪ್ರಶ್ನೆ: ನನ್ನ ಚಿತ್ರಕಥೆಯ ನಾಯಕ ಏರಿಯಾದಲ್ಲಿ ಚೀಟಿ ನಡೆಸುತ್ತಾನೆ. 18ನೇ ಪುಟದಲ್ಲಿ ಜನರ ದುಡ್ಡನ್ನೆಲ್ಲ ಇಸ್ಪೀಟಿಗೆ ಸುರಿಯುತ್ತಾನೆ. ಓದಿದವರೆಲ್ಲ ‘ಇವನಿಗೇನಾದರೆ ನಮಗೇನು’ ಅಂದರು. 55ನೇ ಪುಟಕ್ಕೆ ಬಾಲ್ಯದ ಬಡತನದ ಫ್ಲ್ಯಾಶ್‌ಬ್ಯಾಕ್ ಸೇರಿಸಿದೆ, ಆದರೂ ಉಪಯೋಗವಾಗಲಿಲ್ಲ. ಅವನನ್ನು ಒಳ್ಳೆಯವನನ್ನಾಗಿ ಮಾಡಲೇ?

ಉತ್ತರ: ಖಂಡಿತ ಬೇಡ. ಆ ತಪ್ಪೇ ನಿಮ್ಮ ಕಥೆ. ಎಡವಟ್ಟಾಗಿರುವುದು ದೃಶ್ಯಗಳ ಕ್ರಮದಲ್ಲಿ. ಪುಟಕ್ಕೆ ಸುಮಾರು ಒಂದು ನಿಮಿಷ ಅಂದುಕೊಂಡರೂ, ಫ್ಲ್ಯಾಶ್‌ಬ್ಯಾಕ್ ಬರುವಷ್ಟರಲ್ಲಿ ಪ್ರೇಕ್ಷಕ ಅವನನ್ನು ಕೈಬಿಟ್ಟು ಅರ್ಧ ಗಂಟೆ ದಾಟಿರುತ್ತದೆ. ಆಗ ಬಡತನ ಬರೀ ಸಬೂಬಿನಂತೆ ಕೇಳಿಸುತ್ತದೆ.

‘ನಾಗರಹಾವು’ (1972) ಮತ್ತೆ ನೋಡಿ. ಕಾಪಿ ಹೊಡೆದು ಸಿಕ್ಕಿಬಿದ್ದ ರಾಮಾಚಾರಿ, ಪ್ರಿನ್ಸಿಪಾಲರನ್ನೇ ಕಂಬಕ್ಕೆ ಕಟ್ಟುತ್ತಾನೆ. ತಪ್ಪು ಪೂರ್ತಿ ಅವನದೇ. ಆದರೂ ನಾವು ಅವನನ್ನು ಬಿಡುವುದಿಲ್ಲ, ಏಕೆಂದರೆ ಚಾಮಯ್ಯ ಮೇಷ್ಟ್ರು ಬಿಡುವುದಿಲ್ಲ. ನಾವು ಗೌರವಿಸುವ ಒಬ್ಬರು ಅವನನ್ನು ಮಗನಂತೆ ಕಾಣುತ್ತಾರೆ; ಆ ಒರಟನೂ ಅವರೆದುರು ಮೆತ್ತಗಾಗುತ್ತಾನೆ. ನಿಮ್ಮ ನಾಯಕನಿಗೆ ಅಂಥವರು ಯಾರೂ ಇಲ್ಲ. ಮೊದಲ 10 ಪುಟದೊಳಗೆ ಒಬ್ಬರನ್ನು ತನ್ನಿ.

ಅದೇ 10 ಪುಟಗಳಲ್ಲಿ ಅವನ ಕಸುಬುದಾರಿಕೆಯೂ ಕಾಣಲಿ. 20 ಜನರ ಚೀಟಿ, ತಿಂಗಳಿಗೆ ತಲಾ 5,000. ಯಾರು ಎಷ್ಟಕ್ಕೆ ಕೂಗಿ ಎತ್ತಿಕೊಂಡರು ಎಂಬುದನ್ನು ಪುಸ್ತಕ ತೆರೆಯದೆ ಹೇಳಬಲ್ಲವನು ಎಂದಾದರೆ, ಪ್ರೇಕ್ಷಕನಿಗೆ ಅವನ ಮೇಲೆ ಕುತೂಹಲ ಹುಟ್ಟುತ್ತದೆ. ಮರುಕಕ್ಕಿಂತ ಅದು ಹೆಚ್ಚು ಹೊತ್ತು ಬಾಳುತ್ತದೆ. ಬೀದಿನಾಯಿಗೆ ಬಿಸ್ಕತ್ತು ಹಾಕಿಸಬೇಡಿ. ಅದು ಪ್ರೇಕ್ಷಕನ ಮೆಚ್ಚುಗೆಗೆ ಕೊಡುವ ಲಂಚ ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಇನ್ನು 19ನೇ ಪುಟದಲ್ಲಿ ದುಡ್ಡು ಕಳೆದುಕೊಂಡ ಹೂವಿನಮ್ಮ ಅಳುತ್ತಾಳೆಂದು ಬರೆದಿದ್ದೀರಿ. ಅವಳೊಬ್ಬಳೇ ಅತ್ತರೆ ಪ್ರೇಕ್ಷಕ ಅವಳ ಕಡೆಗೆ ಹೋಗಿಬಿಡುತ್ತಾನೆ. ಅವಳನ್ನು ಮರೆಮಾಚಬೇಡಿ, ಅದು ಮೋಸ. ಅವಳಿಗೆ ವಿಷಯ ತಿಳಿಯುವ ಮೊದಲೇ ಇಬ್ಬರನ್ನೂ ಎದುರುಬದುರು ನಿಲ್ಲಿಸಿ. ‘ಅಣ್ಣಾ, ಮುಂದಿನ ತಿಂಗಳು ಚೀಟಿ ನಂಗೇ ತಾನೆ?’ ಅಂತ ಅವಳು ಮೊಳ ಅಳೆಯುತ್ತಾ ಕೇಳಲಿ. ಅವನು ಹೂ ತಗೊಂಡು, ಚಿಲ್ಲರೆ ಇಸಿದುಕೊಳ್ಳದೆ ಹೊರಡಲಿ. ‘ತಪ್ಪಾಯ್ತು’ ಎಂಬ ಸಂಭಾಷಣೆ ಬೇಡವೇ ಬೇಡ. ತನ್ನನ್ನು ತಾನು ಕ್ಷಮಿಸಿಕೊಳ್ಳುವವನನ್ನು ಪ್ರೇಕ್ಷಕ ಕ್ಷಮಿಸುವುದಿಲ್ಲ.

ತಿದ್ದಿದ ಮೇಲೆ ಕಥೆ ಗೊತ್ತಿಲ್ಲದ ಮೂವರಿಗೆ ಕೊಟ್ಟು, ನಾಯಕನ ಮೇಲೆ ಮನಸ್ಸು ಮುರಿದ ಕಡೆ ಅಂಚಿನಲ್ಲಿ ಗೆರೆ ಎಳೆಯಲು ಹೇಳಿ. ತಿದ್ದುವಾಗ ಗೆರೆ ಬಿದ್ದ ಪುಟವನ್ನಲ್ಲ, ಅದರ ಹಿಂದಿನ ಎರಡು ಮೂರು ಪುಟಗಳನ್ನು ನೋಡಿ. ಸಾಮಾನ್ಯವಾಗಿ ಕೊರತೆ ಅಲ್ಲೇ ಇರುತ್ತದೆ.