ಸಾರ್ಜೆಂಟ್ ಬರೆದ ಬಾಯ್ಟ್ ಸೋದರಿಯರ ಚಿತ್ರದಲ್ಲಿ ಹಿರಿಯ ಹುಡುಗಿಯ ಮುಖ ಸರಿಯಾಗಿ ಕಾಣುವುದೇ ಇಲ್ಲವಲ್ಲ, ಯಾಕೆ?

ಅದು ಕಲಾವಿದ ಬೇಕೆಂದೇ ಮಾಡಿದ್ದು. ಅಮೆರಿಕದ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ 1882ರಲ್ಲಿ ಬರೆದದ್ದು ನಾಲ್ವರು ಸೋದರಿಯರ ಮುಖಗಳನ್ನಲ್ಲ, ಒಂದು ಮನೆಯೊಳಗಿನ ಬೆಳಕನ್ನು.

ಮಾಮೂಲಿ ಭಾವಚಿತ್ರದಲ್ಲಿ ಎಲ್ಲರನ್ನೂ ಸಾಲಾಗಿ ಕೂರಿಸಿ ಸಮನಾದ ಬೆಳಕು ಕೊಡುತ್ತಾರೆ. ಇಲ್ಲಿ ಬೆಳಕು ಮುಂಭಾಗಕ್ಕಷ್ಟೇ ಬೀಳುತ್ತದೆ. ನಾಲ್ಕು ವರ್ಷದ ಜೂಲಿಯಾ ಗೊಂಬೆ ಹಿಡಿದು ನೆಲದ ಮೇಲೆ ಕೂತಿದ್ದಾಳೆ, ಅವಳು ಸ್ಪಷ್ಟ. ಹಿಂದಕ್ಕೆ ಹೋದಂತೆ ಕತ್ತಲು ದಟ್ಟವಾಗುತ್ತದೆ, ಅಲ್ಲಿ ಹದಿನಾಲ್ಕರ ಫ್ಲಾರೆನ್ಸ್ ಹೂದಾನಿಗೆ ಒರಗಿ ಪಕ್ಕಕ್ಕೆ ತಿರುಗಿದ್ದಾಳೆ. ವಯಸ್ಸು ಏರಿದಷ್ಟೂ ನೆರಳು ಹೆಚ್ಚು. ಮ್ಯಾಡ್ರಿಡ್‌ನಲ್ಲಿ 17ನೇ ಶತಮಾನದ ಸ್ಪೇನ್ ಚಿತ್ರಕಾರ ವೆಲಾಸ್ಕೆಸ್‌ನ 'ಲಾಸ್ ಮೆನಿನಾಸ್' ಚಿತ್ರ ನೋಡಿ ನಕಲು ಮಾಡಿದ್ದ ಸಾರ್ಜೆಂಟ್, ಆಳವಾದ ಕತ್ತಲ ಕೋಣೆಯ ಈ ಉಪಾಯವನ್ನು ಅಲ್ಲಿಂದಲೇ ಕಲಿತ.

ಬಾಯ್ಟ್ ದಂಪತಿ ಇದನ್ನು ಒಪ್ಪಿದ್ದೂ ಸಹಜವೇ. ಪ್ಯಾರಿಸ್‌ನಲ್ಲಿ ನೆಲೆಸಿದ್ದ ಬಾಸ್ಟನ್‌ನ ಸಿರಿವಂತರು, ಸಾರ್ಜೆಂಟ್‌ನ ಸ್ನೇಹಿತರು. ತಂದೆ ಎಡ್ವರ್ಡ್ ಸ್ವತಃ ಚಿತ್ರಕಾರ. ತಾಯಿಯ ತವರಿನ ಹಣ ಚೀನಾ ವ್ಯಾಪಾರದ್ದು.

ಆಳೆತ್ತರದ ಆ ಜಪಾನಿ ಹೂದಾನಿಗಳು ನಿಜವಾಗಿಯೂ ಆ ಮನೆಯವೇ. ಮುಂದೆ ಅವನ್ನು ಶುಚಿ ಮಾಡಿದಾಗ ಒಳಗೆ ಕಾಗದದ ವಿಮಾನ, ಟೆನಿಸ್ ಚೆಂಡು, ಸಿಗಾರ್ ತುಂಡು ಸಿಕ್ಕವು! 1919ರಲ್ಲಿ ಸೋದರಿಯರೇ ದಾನ ಮಾಡಿದ ಚಿತ್ರ ಬಾಸ್ಟನ್‌ನ ಲಲಿತಕಲಾ ಮ್ಯೂಸಿಯಂನಲ್ಲಿದೆ, ಹೂದಾನಿಗಳೂ ಅಲ್ಲಿಯೇ. ಚಿತ್ರ ಸುಮಾರು 222 ಸೆಂ.ಮೀ. ಚೌಕ. ಫೋಟೋದಲ್ಲಿ ಬರಿ ಕಪ್ಪಾಗಿ ಕಾಣುವ ಹಿಂಭಾಗ ಎದುರು ನಿಂತಾಗ ಕೋಣೆಯಾಗಿ ತೆರೆದುಕೊಳ್ಳುತ್ತದೆ.