ಹಿಮದಲ್ಲಿ ಫ್ರಂಟ್ ವೀಲ್ ಡ್ರೈವ್ ಕಾರಿನ ಒಂದೇ ಚಕ್ರ ಸುಮ್ನೆ ತಿರುಗುವುದು ಯಾಕೆ?

ಕಾರಣ ಡಿಫರೆನ್ಷಿಯಲ್, ಅಂದರೆ ಎರಡು ಚಕ್ರಗಳ ನಡುವೆ ಇರುವ ಗೇರುಗಳ ಜೋಡಣೆ. ಎಂಜಿನ್‌ನಿಂದ ಬರುವ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಶಕ್ತಿಯನ್ನು, ಅದು ಮುಂದಿನ ಎರಡೂ ಚಕ್ರಗಳಿಗೆ ಹೆಚ್ಚುಕಡಿಮೆ ಸಮನಾಗಿ ಹಂಚುತ್ತದೆ. ಹಾಗಾಗಿ ಒಂದು ಚಕ್ರ ಜಾರಿದರೆ ಇನ್ನೊಂದಕ್ಕೆ ಹಿಡಿತ ಇದ್ದೂ ಪ್ರಯೋಜನವಿಲ್ಲ.

ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಜಾಸ್ತಿ ದೂರ ಓಡಬೇಕು, ಅಲ್ವಾ? ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲಿ ಅಂತಲೇ ಡಿಫರೆನ್ಷಿಯಲ್ ಇರುವುದು. ವೇಗ ಬೇರೆಯಾದರೂ ಟಾರ್ಕ್ ಮಾತ್ರ ಸಮ. ತೊಂದರೆ ಇಲ್ಲೇ. ಎಡ ಚಕ್ರ ಮಂಜುಗಡ್ಡೆಯ ಮೇಲೆ, ಬಲ ಚಕ್ರ ಒಣ ಡಾಂಬರಿನ ಮೇಲೆ ಇದೆ ಅನ್ನಿ. ಎಡಗಡೆಯದು ಜಾರಲು ಚೂರೇ ಟಾರ್ಕ್ ಸಾಕು. ಬಲಗಡೆಗೂ ಅಷ್ಟೇ ಚೂರು ಸಿಗುತ್ತದೆ. ಕಾರು ಅಲುಗುವುದಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಎಡ ಚಕ್ರ ಗಿರ್ರನೆ ತಿರುಗಿ, ಅಡಿಯ ಹಿಮವನ್ನು ಉಜ್ಜಿ ಕರಗಿಸಿ, ಇನ್ನಷ್ಟು ನುಣುಪು ಮಾಡುತ್ತದೆ.

ಈಗಿನ ಕಾರುಗಳ ಟ್ರ್ಯಾಕ್ಷನ್ ಕಂಟ್ರೋಲ್ ಒಂದು ಉಪಾಯ ಮಾಡುತ್ತದೆ: ಜಾರುವ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ. ಆ ಬ್ರೇಕ್ ಮೀರಿ ತಿರುಗಲು ಜಾಸ್ತಿ ಟಾರ್ಕ್ ಬೇಕು; ಅಷ್ಟೇ ಟಾರ್ಕ್ ಆಚೆ ಚಕ್ರಕ್ಕೂ ಹೋಗಿ ಕಾರು ಮುಂದೆ ಸರಿಯುತ್ತದೆ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ನಲ್ಲಿ ಒಳಗಿನ ಕ್ಲಚ್ ಅಥವಾ ಗೇರುಗಳೇ ಹಿಡಿತ ಇರುವ ಕಡೆಗೆ ಹೆಚ್ಚು ಟಾರ್ಕ್ ಕಳಿಸುತ್ತವೆ. ಆದರೆ ಮುಂದಿನ ಚಕ್ರಗಳೇ ಕಾರನ್ನು ತಿರುಗಿಸುವುದರಿಂದ ಸ್ಟಿಯರಿಂಗ್ ಒಂದು ಕಡೆಗೆ ಎಳೆಯಬಹುದು.

ಎರಡೂ ಚಕ್ರ ಹಿಮದ ಮೇಲಿದ್ದರೆ ಮಾತ್ರ ಇವುಗಳಿಂದ ದೊಡ್ಡ ಲಾಭವಿಲ್ಲ. ಇಲ್ಲದ ಹಿಡಿತವನ್ನು ಹಂಚುವುದಾದರೂ ಹೇಗೆ? ನನ್ನ ಕೇಳಿದರೆ, ದುಡ್ಡನ್ನು ಮೊದಲು ಒಳ್ಳೆಯ ವಿಂಟರ್ ಟೈರುಗಳಿಗೆ ಹಾಕಿ.