ಡೈರಿಯ ಖಾಲಿ ಪುಟಗಳು: ಓಟಗಾರ್ತಿಯೊಬ್ಬಳ ಪ್ರಕರಣ

ಹುಡುಗಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಹೆಸರನ್ನು ಬಿಟ್ಟಿದ್ದೇನೆ. ವಯಸ್ಸು 19, ಬಿ.ಕಾಂ. ಎರಡನೇ ವರ್ಷ. ಮನೆ ಸೋಮವಾರಪೇಟೆ ಕಡೆ, ಮೂರು ಎಕರೆ ಕಾಫಿ ತೋಟ. ಓದು ಮಡಿಕೇರಿಯಲ್ಲಿ, ವಾಸ ಹಾಸ್ಟೆಲಿನಲ್ಲಿ. 100 ಮತ್ತು 200 ಮೀಟರ್ ಓಡುತ್ತಾಳೆ. ಕಾಲೇಜಿನ ರಿಲೇ ತಂಡದಲ್ಲಿ ಕೊನೆಯ ಓಟ ಅವಳದೇ.

ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಅವಳು ಬಂದದ್ದು ಕಾಲುನೋವು ಹೇಳಿಕೊಳ್ಳಲು ಅಲ್ಲ. "ಮೇಡಂ, ಸ್ಟಾರ್ಟಿಂಗ್ ಬ್ಲಾಕ್‌ನಲ್ಲಿ ಕೂತ್ರೆ ಕೈ ನಡುಗುತ್ತೆ. ಅದು ನಿಲ್ಲೋಕೆ ಏನಾದ್ರೂ ಹೇಳಿಕೊಡಿ" ಎಂದಳು. ಎರಡು ವಾರದ ಹಿಂದೆ ಒಂದು ಕ್ರೀಡಾಕೂಟದ 100 ಮೀಟರ್ ಫೈನಲ್‌ನಲ್ಲಿ ಪಿಸ್ತೂಲು ಸದ್ದಿಗೆ ಮೊದಲೇ ಎದ್ದುಬಿಟ್ಟಿದ್ದಳು. 2010ರಿಂದ ಈ ನಿಯಮ ಬಿಗಿಯಾಗಿದೆ, ಮೊದಲ ಫಾಲ್ಸ್ ಸ್ಟಾರ್ಟಿಗೇ ಹೊರಗೆ. ಉಳಿದ ಏಳು ಜನ ಓಡುವುದನ್ನು ಪಕ್ಕದಲ್ಲಿ ನಿಂತು ನೋಡಿದ್ದಳು. ಅಂದಿನಿಂದ ಅಭ್ಯಾಸ ಇನ್ನೂ ಹೆಚ್ಚಿಸಿದ್ದೇನೆ ಎಂದಳು. ಎಷ್ಟು ಹೆಚ್ಚಿಸಿದ್ದೀಯ ಎಂದು ಕೇಳಿದೆ. ಬ್ಯಾಗಿನಿಂದ ಡೈರಿ ತೆಗೆದಳು.

ಡೈರಿ ಎಂದರೆ ಕಂದು ಕಾಗದದ ಹೊದಿಕೆ ಹಾಕಿದ 200 ಪುಟದ ನೋಟ್‌ಬುಕ್. ದಿನಕ್ಕೊಂದು ಪುಟ, ಸ್ಕೇಲ್ ಇಟ್ಟು ಗೆರೆ ಎಳೆದು ದೂರ, ಸಮಯ, ಎಷ್ಟು ಸಲ ಓಡಿದ್ದು ಎಲ್ಲವನ್ನೂ ನೀಲಿ ಪೆನ್ನಿನಲ್ಲಿ ಬರೆದಿದ್ದಳು. ಜೂನ್, ಜುಲೈನಲ್ಲಿ ಅಲ್ಲಲ್ಲಿ ಖಾಲಿ ಪುಟಗಳಿದ್ದವು. ಆಗಸ್ಟ್ ಆದಮೇಲೆ ಒಂದೂ ಇಲ್ಲ. ಖಾಲಿ ಪುಟ ಯಾಕಿತ್ತು ಎಂದರೆ, "ಅವು ರಜೆಯ ದಿನ ಮೇಡಂ. ಖಾಲಿ ನೋಡಿದ್ರೆ ಹೊಟ್ಟೆ ತೊಳಸಿದಂಗಾಗುತ್ತೆ. ಅದಕ್ಕೇ ಬೆಳಗ್ಗೆ ನಾಲ್ಕೂವರೆಗೆ ಎದ್ದು ಏನಾದ್ರೂ ಮಾಡಿ ಬರೀತೀನಿ."

ಆ "ಏನಾದ್ರೂ" ಎಂಬುದರಲ್ಲೇ ಎಲ್ಲ ಇತ್ತು. ಕೋಚ್ ಕೊಟ್ಟ ವೇಳಾಪಟ್ಟಿಯಲ್ಲಿ ವಾರಕ್ಕೆ ಮೂರು ದಿನ ಮಾತ್ರ ವೇಗದ ಓಟ, ನಡುವೆ ಹಗುರ ಅಭ್ಯಾಸ, ಭಾನುವಾರ ಪೂರ್ತಿ ರಜೆ. ಪೂರ್ಣ ವೇಗದ ಒಂದು ಓಟಕ್ಕೂ ಇನ್ನೊಂದಕ್ಕೂ ಮಧ್ಯೆ ಸುಮಾರು 48 ಗಂಟೆ ಬಿಡುವುದು ಓಟದ ತರಬೇತಿಯಲ್ಲಿ ಹಳೆಯ ಪದ್ಧತಿ, ಕೋಚ್ ಅದನ್ನೇ ಪಾಲಿಸಿದ್ದರು. ಇವಳು ಅವರಿಗೆ ಹೇಳದೆ ಅದರ ಮೇಲೆ ಇನ್ನೊಂದು ವೇಳಾಪಟ್ಟಿ ಹೇರಿಕೊಂಡಿದ್ದಳು. ಮಳೆಗಾಲದಲ್ಲಿ ನಮ್ಮ ಮೈದಾನಗಳು ಕೆಸರುಗದ್ದೆ. ಹಾಗಾಗಿ ಟಾರು ರಸ್ತೆಯ ಏರಿನಲ್ಲಿ ಓಡುತ್ತಿದ್ದಳು. ಏರಿನಲ್ಲಿ ಹತ್ತಿದವಳು ಇಳಿಯಲೂ ಓಡಲೇಬೇಕಲ್ಲ. ಮೊಣಕಾಲಿನ ಕೆಳಗಿನ ಮೂಳೆಗೆ ಹೆಚ್ಚು ಪೆಟ್ಟು ಬೀಳುವುದು ಆ ಇಳಿಜಾರಿನಲ್ಲೇ. ಮಳೆ ಕಡಿಮೆಯಾದ ಕೂಡಲೇ ಕೂಟಗಳು ಶುರು. ಟಾರು ರಸ್ತೆಯಿಂದ ನೇರ ಸಿಂಥೆಟಿಕ್ ಟ್ರ್ಯಾಕಿಗೆ ಬಂದಳು, ಕಾಲಿಗೆ ಸ್ಪೈಕ್ ಶೂ. ಒಂದೇ ದಿನ 100 ಮೀಟರಿನ ಹೀಟ್ಸ್ (ಮೊದಲ ಸುತ್ತು), ಸೆಮಿ, ಫೈನಲ್, ಆಮೇಲೆ 200ರ ಹೀಟ್ಸ್, ಸಂಜೆ ರಿಲೇ. ಮಾರನೆಯ ದಿನ ಹಾಸ್ಟೆಲಿಗೆ ಬಂದು ಮತ್ತೆ ನಾಲ್ಕೂವರೆಗೆ ಅಲಾರಂ.

ಎರಡನೇ ಭೇಟಿಯಲ್ಲಿ ಊಟದ ವಿಷಯ ಬಂತು. ತೂಕ ಇಳಿದರೆ ವೇಗ ಏರುತ್ತದೆ ಎಂದು ಯಾರೋ ಹೇಳಿದ್ದರಂತೆ. ರಾತ್ರಿ ಅನ್ನ ಬಿಟ್ಟಿದ್ದಳು. ಐದು ತಿಂಗಳಲ್ಲಿ ಐದು ಕಿಲೋ ಇಳಿದಿದ್ದಳು. ಮುಟ್ಟು ಸರಿಯಾಗಿ ಆಗುತ್ತಿದೆಯಾ ಎಂದು ಕೇಳಿದೆ. ಈ ಪ್ರಶ್ನೆಯನ್ನು ಓಟಗಾರ್ತಿಯರಿಗೆ ನಾನು ಮುಚ್ಚುಮರೆಯಿಲ್ಲದೆ ಕೇಳುತ್ತೇನೆ, ಎಲ್ಲರೂ ಕೇಳಬೇಕು. "ನಾಲ್ಕು ತಿಂಗಳಿಂದ ಇಲ್ಲ. ಕೂಟದ ಸಮಯಕ್ಕೆ ಒಳ್ಳೇದೇ ಆಯ್ತು ಅಂದ್ಕೊಂಡೆ" ಎಂದಳು. ಆಮೇಲೆ ತಡೆದು ತಡೆದು, ಎಡಗಾಲಿನ ಮೂಳೆ ಒಂದೇ ಕಡೆ ಚುಚ್ಚುತ್ತದೆ, ರಾತ್ರಿಯೂ ನೋಯುತ್ತದೆ, ಓಟಕ್ಕೆ ಮುಂಚೆ ನೋವಿನ ಮಾತ್ರೆ ನುಂಗುತ್ತೇನೆ ಎಂದಳು. ತೋರಿಸು ಎಂದಾಗ ಒಂದೇ ಬೆರಳು ಇಟ್ಟು ತೋರಿಸಿದಳು.

ಕೈ ನಡುಕದ ಮಾತನ್ನು ಅಲ್ಲಿಗೇ ಬದಿಗಿಟ್ಟೆ. ಅಂಗೈಯಗಲದ ನೋವು ಬೇರೆ, ಬೆರಳ ತುದಿಯಷ್ಟೇ ಜಾಗದ ನೋವು ಬೇರೆ; ಎರಡನೆಯದು ಮೂಳೆ ಬಿರುಕಿನ ಸೂಚನೆ ಇರಬಹುದು. ಮುಟ್ಟು ನಿಂತಿದೆ, ತೂಕ ಇಳಿದಿದೆ, ಮೂಳೆ ಒಂದೇ ಕಡೆ ನೋಯುತ್ತದೆ ಎಂದರೆ ಆಪ್ತಸಲಹೆಗಾರ್ತಿ ಮೊದಲು ಮಾಡಬೇಕಾದದ್ದು ವೈದ್ಯರ ಬಳಿ ಕಳಿಸುವುದು. ಖರ್ಚಾಗುವ ಶಕ್ತಿಗೆ ತಕ್ಕಷ್ಟು ಊಟ ಇಲ್ಲದಿದ್ದರೆ ದೇಹ ಒಂದೊಂದೇ ಕೆಲಸ ನಿಲ್ಲಿಸುತ್ತ ಬರುತ್ತದೆ. ಮುಟ್ಟು ನಿಲ್ಲುತ್ತದೆ, ಮೂಳೆ ಸಡಿಲವಾಗುತ್ತದೆ, ನಿದ್ದೆ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದಕ್ಕೆ ರೆಡ್-ಎಸ್ (ಕ್ರೀಡೆಯಲ್ಲಿ ಉಂಟಾಗುವ ಶಕ್ತಿಯ ಕೊರತೆ) ಎಂದು ಹೆಸರಿಟ್ಟಿತು. ಇದು ಹುಡುಗರಿಗೂ ಬರುತ್ತದೆ, ಅವರಲ್ಲಿ ಮುಟ್ಟಿನಂಥ ಎಚ್ಚರಿಕೆಯ ಗಂಟೆ ಇಲ್ಲ ಅಷ್ಟೆ.

ಮೊದಲ ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ. ಅವಳು ಖುಷಿಯಿಂದ ಫೋನ್ ಮಾಡಿದಳು, "ಓಡಬಹುದಲ್ವಾ ಮೇಡಂ?" ಮೂಳೆಯ ಸಣ್ಣ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್-ರೇಗೆ ಸಿಗದೇ ಇರಬಹುದು, ವೈದ್ಯರು ಹೇಳಿದ ಎಂ.ಆರ್.ಐ. ಮಾಡಿಸು ಎಂದೆ. ಮೈಸೂರಿಗೆ ಹೋಗಿ ಮಾಡಿಸಿದಳು. ಬಿರುಕು ಇತ್ತು. ಎಂಟು ವಾರ ಓಟ ಬೇಡ ಎಂದರು ವೈದ್ಯರು.

ಅವಳು ಅತ್ತದ್ದು ಅಂದೇ. ಕಾರಣ ಕೂಟ ತಪ್ಪಿತು ಎಂಬುದಷ್ಟೇ ಅಲ್ಲ. "ಅಪ್ಪ ಅಂಗಡಿಯಲ್ಲಿ ಎಲ್ರ ಮುಂದೆ ಹೇಳ್ತಿದ್ರು, ನಮ್ಮ ಹುಡುಗಿ ಸುಸ್ತು ಅನ್ನೋಳೇ ಅಲ್ಲ ಅಂತ. ಆ ಮಾತು ಸುಳ್ಳಾಗಬಾರದು." ಅಶ್ವಿನಿ ನಾಚಪ್ಪ, ಪೂವಮ್ಮ ಅವರಂಥ ಓಟಗಾರ್ತಿಯರನ್ನು ಕೊಟ್ಟ ಜಿಲ್ಲೆ ನಮ್ಮ ಕೊಡಗು. ಸೇನೆ, ಹಾಕಿ, ಓಟದ ಮಾತು ಆಡದ ಮನೆ ಕಡಿಮೆ. ಆ ಹೆಮ್ಮೆ ನನಗೂ ಇದೆ. ಆದರೆ ನೋವನ್ನು ನುಂಗುವುದೇ ಗಟ್ಟಿತನ ಎಂದು ಹಾಡಿ ಹೊಗಳುವ ನಾವು, ಹೊಗಳಿಸಿಕೊಂಡ ಮಗು ಆಮೇಲೆ ನೋವನ್ನು ಯಾರಲ್ಲಿ ಹೇಳಬೇಕು ಎಂದು ಯೋಚಿಸುವುದಿಲ್ಲ. ಇದು ನನ್ನನ್ನು ತುಂಬ ಕಾಡುತ್ತದೆ.

ಅಪ್ಪನಿಗೂ ಕೋಚ್‌ಗೂ ಹೇಳಬೇಡಿ ಎಂದಳು. ಅವಳ ಒಪ್ಪಿಗೆಯಿಲ್ಲದೆ ನಾನು ಹೇಳುವಂತಿಲ್ಲ, ಹೇಳುವುದೂ ಇಲ್ಲ ಎಂದೆ. ಆದರೆ ನೀನು ಹೇಳುವಾಗ ಪಕ್ಕದಲ್ಲಿ ಕೂರುತ್ತೇನೆ ಎಂದೆ. ನಾಲ್ಕು ದಿನ ಬೇಕಾಯಿತು. ಕೋಚ್ ಡೈರಿ ತಿರುವಿ ಹಾಕಿ ಬಹಳ ಹೊತ್ತು ಮಾತಾಡಲಿಲ್ಲ. "ಟೈಮ್ ಯಾಕೆ ಹಾಳಾಗ್ತಿದೆ ಅಂತ ನಾನು ಇನ್ನೂ ಜೋರು ಮಾಡ್ತಿದ್ದೆನಲ್ಲಮ್ಮಾ" ಎಂದರು. ರಿಲೇಗೆ ಹರ್ಡಲ್ಸ್ ಓಡುವ ಹುಡುಗಿಯನ್ನು ಹಾಕಿಕೊಂಡರು.

ಅಪ್ಪ ಭಾನುವಾರ ಬಂದರು, ಚೀಲದ ತುಂಬ ಕಿತ್ತಳೆ ತಂದಿದ್ದರು. ಮಗಳು ಹೇಳಿದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿದರು. ಕೊನೆಗೆ ನನ್ನ ಕಡೆ ತಿರುಗಿ, "ಕಾಯಿ ಜಾಸ್ತಿ ಕಚ್ಚಿದ ವರ್ಷ ಗಿಡಕ್ಕೆ ಗೊಬ್ಬರ ಸಾಲದಿದ್ರೆ ರೆಂಬೆ ತುದಿಯಿಂದ ಒಣಗ್ತಾ ಬರುತ್ತೆ. ಹಂಗೇನಾ ಮೇಡಂ?" ಎಂದರು. ಹಾಗೇ ಎಂದೆ. ನಾನು ಅರ್ಧ ಗಂಟೆ ವಿವರಿಸಲು ತಯಾರಾಗಿದ್ದೆ, ಬೇಕಾಗಲಿಲ್ಲ.

ಕೊಟ್ಟ ಸಲಹೆ ಹೆಚ್ಚೇನಿಲ್ಲ. ಡೈರಿ ಬಿಡಬೇಡ, ಬರೆಯುವುದನ್ನು ಬದಲಿಸು ಎಂದೆ. ಎಷ್ಟು ಗಂಟೆ ನಿದ್ದೆ, ಮೂರು ಹೊತ್ತು ಏನು ಊಟ, ಮುಟ್ಟಿನ ದಿನ, ನೋವು ಹತ್ತರಲ್ಲಿ ಎಷ್ಟು. ರಜೆಯ ದಿನದ ಪುಟಕ್ಕೂ ತಲೆಬರಹ ಹಾಕು, "ರಜೆ" ಎಂದು ದೊಡ್ಡದಾಗಿ ಬರೆ. ಓಟದಿಂದ ದಣಿದ ಸ್ನಾಯು ಚೇತರಿಸಿಕೊಂಡು ಬಲಿಯುವುದು ಅಂಥ ದಿನಗಳಲ್ಲೇ, ಅದೂ ಅಭ್ಯಾಸದ ಲೆಕ್ಕಕ್ಕೇ ಸೇರಬೇಕು. ಅಲಾರಂ ಐದೂಮುಕ್ಕಾಲಿಗೆ. ರಾತ್ರಿ ಅನ್ನ ವಾಪಸ್. ವೈದ್ಯರು ಬರೆಯದ ಮಾತ್ರೆ ಬೇಡ. ನೋವು ಎಚ್ಚರಿಸುವುದನ್ನು ಮಾತ್ರೆ ಮುಚ್ಚಿಡುತ್ತದೆ, ಬಿರುಕು ಅದರಡಿ ದೊಡ್ಡದಾಗುತ್ತದೆ. ಆಹಾರ ತಜ್ಞರನ್ನು ಒಮ್ಮೆ ಕಾಣಲು ಹೇಳಿದೆ.

ನಡುಕಕ್ಕೆ ಮತ್ತೆ ಬಂದದ್ದು ಐದನೇ ಭೇಟಿಯಲ್ಲಿ. ಓಟಕ್ಕೆ ಮೊದಲು ಕೈ ತುಸು ನಡುಗುವುದು ದೇಹ ಸಜ್ಜಾಗುವ ಲಕ್ಷಣ, ಹೊಟ್ಟೆಗೆ ಹಿಟ್ಟಿಲ್ಲದ, ಕಣ್ಣಿಗೆ ನಿದ್ದೆಯಿಲ್ಲದ ದೇಹ ಹೆಚ್ಚು ನಡುಗುತ್ತದೆ. ಬ್ಲಾಕಿನ ಹಿಂದೆ ನಿಂತು ಎರಡು ಸಲ ಉಸಿರನ್ನು ಉದ್ದಕ್ಕೆ ಬಿಡುವುದು, ಕೂತ ಮೇಲೆ "ತಳ್ಳು" ಎಂಬ ಒಂದೇ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಎಂದು ಗೊತ್ತುಮಾಡಿಕೊಂಡೆವು. ನನ್ನ ಕೋಣೆಯ ನೆಲದ ಮೇಲೇ ಕೂತು ಅಭ್ಯಾಸ ಮಾಡಿದಳು.

ಒಂಬತ್ತನೇ ವಾರ ವೈದ್ಯರ ಒಪ್ಪಿಗೆಯ ಮೇಲೆ ಹುಲ್ಲಿನ ಮೇಲೆ ಮೆಲ್ಲಗೆ ಓಡತೊಡಗಿದಳು. ಮುಟ್ಟು ಮತ್ತೆ ಶುರುವಾದದ್ದು ಅದಾದ ಇನ್ನೊಂದು ತಿಂಗಳಿಗೆ. ಹಳೆಯ ವೇಗ ಇನ್ನೂ ಬಂದಿಲ್ಲ, ಬರುತ್ತದೆಂದು ಮಾತು ಕೊಡಲು ನನ್ನಿಂದಾಗದು. ಮೊನ್ನೆ ಡೈರಿಯ ಒಂದು ಪುಟದ ಫೋಟೊ ಕಳಿಸಿದ್ದಳು. ಸ್ಕೇಲ್ ಇಟ್ಟು ಎಳೆದ ಅದೇ ಗೆರೆಗಳು. "ಭಾನುವಾರ. ರಜೆ. ಊರಿಗೆ ಬಂದೆ. ನಿದ್ದೆ 9 ಗಂಟೆ. ಅಕ್ಕಿ ರೊಟ್ಟಿ 4, ರಾತ್ರಿ ಅನ್ನ, ಕೋಳಿ ಸಾರು. ನೋವು 0. ಸುಸ್ತಾಗಿದೆ ಅಂತ ಅಪ್ಪನಿಗೆ ಹೇಳಿ ಮಧ್ಯಾಹ್ನ ಮಲಗಿದೆ."